ಲೈನರಿನ ತೂತುಗಳು ಎಲ್ಲಿ ಹೋದವು?

ಗ್ಯಾಸ್ ಟರ್ಬೈನ್ ಪ್ಲಾಂಟಿನ ಕಂಟ್ರೋಲ್ ರೂಮಿಗೆ ಹೊರಗಿನವರು ಯಾರೇ ಬಂದರೂ ಮೊದಲು ಮೆಗಾವ್ಯಾಟ್ ನೋಡುತ್ತಾರೆ. ಪರಿಸರದ ಕಡೆಯವರಾದರೆ ನಾಕ್ಸ್ (ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳು) ಎಷ್ಟಿದೆ ಅಂತ ಕೇಳುತ್ತಾರೆ. ಮೂಲೆಯಲ್ಲಿ ಇನ್ನೊಂದು ಸ್ಕ್ರೀನ್ ಇರುತ್ತದೆ. ಅದರಲ್ಲಿ ಸಾಲಾಗಿ ಪುಟ್ಟ ಕಂಬಗಳು ಸುಮ್ನೆ ಏರುತ್ತಾ ಇಳಿಯುತ್ತಾ ಇರುತ್ತವೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ರಾತ್ರಿ ಪಾಳಿಯಲ್ಲಿ ಕೂತವನ ಕಣ್ಣು ಮತ್ತೆ ಮತ್ತೆ ಹೋಗುವುದು ಅಲ್ಲಿಗೇ. ಒಂದೊಂದು ಕಂಬವೂ ಒಂದೊಂದು ಕಂಬಸ್ಟರಿನ, ಅಂದರೆ ಗ್ಯಾಸು ಉರಿಯುವ ಕೋಣೆಯ, ಒಳಗಿನ ಸದ್ದಿನ ಅಳತೆ. ನಾವು ಅದನ್ನು ಡೈನಾಮಿಕ್ಸ್ ಅನ್ನುತ್ತಿದ್ದೆವು, ಕೆಲವರು ಹಮ್ಮಿಂಗ್ ಅನ್ನುತ್ತಾರೆ. ಒಳಗೆ 15-16 ಬಾರ್ ಒತ್ತಡ ಇರುತ್ತದೆ. ಅದರ ನೂರರಲ್ಲಿ ಒಂದು ಪಾಲು ಮೇಲೆ ಕೆಳಗೆ ಆಡಲು ಶುರುವಾದರೆ ಎಲ್ಲರೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಒಂದು ಪರ್ಸೆಂಟ್ ತಾನೇ ಅನ್ನಿಸಬಹುದು. ಸದ್ದಿನ ಲೆಕ್ಕಕ್ಕೆ ತಂದರೆ ಅದು 170 ಡೆಸಿಬೆಲ್‌ಗಿಂತ ಜಾಸ್ತಿ. ಹಾರಲು ಹೊರಟ ಜೆಟ್ ವಿಮಾನದ ಪಕ್ಕ ನಿಂತರೂ ಅಷ್ಟು ಕೇಳುವುದಿಲ್ಲ.

ನಾನು ಕೊಲ್ಲಿಯ ಒಂದು ಪ್ಲಾಂಟಿನಲ್ಲಿ ಕೆಲವು ವರ್ಷ ಆಪರೇಶನ್ಸ್‌ನಲ್ಲಿದ್ದೆ. ಅಲ್ಲಿ ಎರಡು ತಲೆಮಾರಿನ ಯಂತ್ರಗಳಿದ್ದವು. ಹಳೆಯವು ಕೊಳಕು ಯಂತ್ರಗಳು. ಅವುಗಳ ಹೊಗೆಯಲ್ಲಿ ನಾಕ್ಸ್ ಇಳಿಸಬೇಕೆಂದರೆ ಬೆಂಕಿಗೇ ನೀರು ಹೊಡೆಯಬೇಕಿತ್ತು, ಅದೂ ಮಿನರಲ್ ಎಲ್ಲ ತೆಗೆದ ದುಬಾರಿ ನೀರು. ಹೊಸವು ಡ್ರೈ ಲೋ ನಾಕ್ಸ್, ನೀರಿನ ಗೊಡವೆ ಇಲ್ಲ, ಹೊಗೆ ಎಷ್ಟೋ ಶುದ್ಧ. ಹಳೆಯವು ಸದಾ ಭೋರೆನ್ನುತ್ತಿದ್ದವು, ಆದರೆ ನಾನಿದ್ದಷ್ಟು ದಿನ ಒಂದು ಸಲವೂ ಒಂದೇ ಸ್ವರ ಹಿಡಿದು ಕೂಗಲಿಲ್ಲ. ಹೊಸವು ಯಾವಾಗ ಕೂಗುತ್ತವೋ ಹೇಳೋಕಾಗುತ್ತಿರಲಿಲ್ಲ. ಇದು ನನ್ನ ತಲೆಯಲ್ಲಿ ಬಹಳ ಕಾಲ ಕೊರೆಯಿತು. ಒಂದೇ ಗ್ಯಾಸು, ಹೆಚ್ಚುಕಮ್ಮಿ ಒಂದೇ ಗಾತ್ರ, ಹೊಸದಕ್ಕೆ ಮಾತ್ರ ಯಾಕೆ ಈ ಕಾಯಿಲೆ?

ಜನವರಿಯ ಒಂದು ರಾತ್ರಿ

ಕೊಲ್ಲಿಯಲ್ಲಿ ಕರೆಂಟು ಅಂದರೆ ಬಹುಪಾಲು ಎಸಿ. ಬೇಸಿಗೆಯಲ್ಲಿ ಎಲ್ಲ ಯಂತ್ರಗಳನ್ನೂ ಪೂರ್ತಿ ಲೋಡಿನಲ್ಲಿ ಓಡಿಸಿದರೂ ಸಾಲದು ಅನ್ನುತ್ತಾರೆ. ಜನವರಿ ಬಂತೆಂದರೆ ಎಸಿಗಳೆಲ್ಲ ಬಂದ್, ನಡುರಾತ್ರಿ ಡಿಸ್ಪ್ಯಾಚ್‌ನಿಂದ, ಅಂದರೆ ಯಾವ ಪ್ಲಾಂಟ್ ಎಷ್ಟು ಕರೆಂಟು ಕೊಡಬೇಕು ಅಂತ ಹೇಳುವ ಕೇಂದ್ರದಿಂದ, ಫೋನ್ ಬರುತ್ತದೆ: ಇಳಿಸಿ, ಇನ್ನೂ ಇಳಿಸಿ. ಅಂಥ ಒಂದು ರಾತ್ರಿ ಹೊಸ ಯಂತ್ರದ ಲೋಡ್ ಇಳಿಸುತ್ತಾ ಬರುತ್ತಿದ್ದೆವು. ನಮ್ಮ ಶಿಫ್ಟ್ ಇನ್‌ಚಾರ್ಜ್ ಕುಂದಾಪುರದ ಕಡೆಯವರು, ನನಗಿಂತ ತುಂಬಾ ಹಿರಿಯರು, ಪುಸ್ತಕಕ್ಕಿಂತ ಕಿವಿಯನ್ನು ನಂಬುವವರು. ಸ್ಕ್ರೀನಿನ ಕಂಬ ಇನ್ನೂ ಹಸಿರಾಗಿಯೇ ಇತ್ತು. ಅವರು ಟೀ ಕಪ್ ಕೆಳಗಿಟ್ಟು, "ಮಾರಾಯ, ಇದ್ ಮತ್ತೆ ಶುರು ಮಾಡ್ತ್ ಕಾಣ್" ಅಂದರು. ನನಗೆ ಏನೂ ಕೇಳಿಸಿರಲಿಲ್ಲ. "ಸರ್, ಎಲ್ಲಾ ನಾರ್ಮಲ್ ಇದೆಯಲ್ಲ?" ಅಂದೆ. ಅವರು ಉತ್ತರ ಕೊಡಲಿಲ್ಲ, ಫೋನಿಗೆ ಕೈ ಹಾಕಿದರು. ಸ್ವಲ್ಪ ಹೊತ್ತಿಗೆ ನೆಲ ಕಾಲಿನಡಿ ಸಣ್ಣಗೆ ಅದುರಲು ಶುರುವಾಯಿತು, ಕಿಟಕಿಯ ಗಾಜು ಗುಂಯ್ ಅಂತು, ಎರಡು ಕ್ಯಾನ್‌ಗಳ (ಒಂದೊಂದು ಕಂಬಸ್ಟರನ್ನೂ ಕ್ಯಾನ್ ಅನ್ನುತ್ತಿದ್ದೆವು) ಕಂಬ ಹಳದಿಗೆ ತಿರುಗಿದವು, ಅಲ್ಲಿ ನಿಲ್ಲದೆ ಕೆಂಪಿಗೆ ಹೋದವು. ಸುಮಾರು 120 ಹರ್ಟ್ಸ್‌ನ ಸ್ವರ.

ಇನ್‌ಚಾರ್ಜ್ ಅಷ್ಟರಲ್ಲಿ ಡಿಸ್ಪ್ಯಾಚಿನವನ ಜೊತೆ ಜಗಳಕ್ಕೆ ಬಿದ್ದಿದ್ದರು. ನಂಗೆ ಮೇಲೆ ಕೊಡು, ಇಲ್ಲದಿದ್ದರೆ ಮಶೀನೇ ಟ್ರಿಪ್ ಆಗುತ್ತದೆ, ಆಮೇಲೆ ನಿನಗೆ ಏನೂ ಸಿಗುವುದಿಲ್ಲ ಅಂತ ಹಿಂದಿ, ಇಂಗ್ಲಿಷ್, ಅರಬ್ಬಿ ಎಲ್ಲ ಕಲಸಿ ಹೇಳುತ್ತಿದ್ದರು. ಕೊನೆಗೆ ಲೋಡ್ ಏರಿಸಲು ಒಪ್ಪಿಗೆ ಸಿಕ್ಕಿತು. ನಾನು ಅಂದುಕೊಂಡದ್ದು, ಸದ್ದು ಎಲ್ಲಿ ಶುರುವಾಯಿತೋ ಆ ಲೋಡಿಗೆ ವಾಪಸ್ ಹೋದರೆ ಅದು ಹೋಗುತ್ತದೆ ಅಂತ. ಹೋಗಲಿಲ್ಲ. ಅದಕ್ಕಿಂತ ಇನ್ನೂ ಮೇಲೆ ಹೋಗಬೇಕಾಯಿತು. ಹೋದ ಮೇಲೆ ಮಾತ್ರ ನಿಧಾನಕ್ಕೆ ಇಳಿಯುವ ಮಾತೇ ಇಲ್ಲ, ಯಾರೋ ಸ್ವಿಚ್ ಆರಿಸಿದ ಹಾಗೆ ಒಮ್ಮೆಗೇ ನಿಂತಿತು.

ಅವರಿಗೆ ಮೊದಲೇ ಹೇಗೆ ಗೊತ್ತಾಯಿತು ಅನ್ನುವುದು ಆಗ ನನಗೆ ಪವಾಡದ ಹಾಗೆ ಕಂಡಿತ್ತು. ಆಮೇಲೆ ಓದುತ್ತಾ ಹೋದಾಗ ಪವಾಡವೇನೂ ಇಲ್ಲ ಅನ್ನಿಸಿತು. ಮದ್ರಾಸ್ ಐಐಟಿಯ ಆರ್. ಐ. ಸುಜಿತ್ ಮತ್ತು ಅವರ ವಿದ್ಯಾರ್ಥಿಗಳು ಲ್ಯಾಬಿನ ಕಂಬಸ್ಟರಿನಲ್ಲಿ ಇದನ್ನೇ ನೋಡಿ 2014ರಲ್ಲಿ ಬರೆದಿದ್ದಾರೆ. ಬರೀ ಭೋರ್ಗರೆತದಿಂದ ಒಂದೇ ಸ್ವರದ ಕೂಗಿಗೆ ಬೆಂಕಿ ಒಮ್ಮೆಲೇ ಜಿಗಿಯುವುದಿಲ್ಲ. ನಡುವೆ ಒಂದು ಹಂತ ಇದೆ. ಗದ್ದಲದ ಮಧ್ಯೆ ಅಲ್ಲೊಂದು ಇಲ್ಲೊಂದು ಸಣ್ಣ ತುಣುಕಿನಷ್ಟು ಸ್ವರ ಎದ್ದು ಸಾಯುತ್ತದೆ, ಮತ್ತೆ ಎದ್ದು ಸಾಯುತ್ತದೆ. ಲೋಡ್ ಆ ಕಡೆ ಸರಿದಷ್ಟೂ ಆ ತುಣುಕುಗಳು ಹತ್ತಿರ ಹತ್ತಿರ ಬಂದು ಕೊನೆಗೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಸ್ಕ್ರೀನಿನ ಕಂಬ ತೋರಿಸುವುದು ಕೆಲವು ಸೆಕೆಂಡುಗಳ ಸರಾಸರಿ. ಅದರಲ್ಲಿ ಈ ತುಣುಕುಗಳು ಮುಚ್ಚಿಹೋಗುತ್ತವೆ. ವರ್ಷಗಟ್ಟಲೆ ಅದೇ ಯಂತ್ರದ ಪಕ್ಕ ಕೂತ ಕಿವಿಗೆ ಅದು ತಪ್ಪುವುದಿಲ್ಲ ಅಂತ ನನ್ನ ನಂಬಿಕೆ.

ಕೂಗಿದರೆ ಏನಾಗುತ್ತದೆ ಅಂತ ಕೇಳುವವರಿಗೆ ಒಂದೆರಡು ಮಾತು. ಕಂಬಸ್ಟರ್ ಅನ್ನುವುದು ತೆಳು ತಗಡಿನ ಕೆಲಸ. ಬೆಂಕಿಯನ್ನು ಸುತ್ತುವರಿದ ಲೈನರ್, ಅದರ ಹಿಂದೆ ಬಿಸಿ ಹೊಗೆಯನ್ನು ಟರ್ಬೈನಿಗೆ ಒಯ್ಯುವ ಟ್ರಾನ್ಸಿಷನ್ ಪೀಸ್, ಎರಡರ ನಡುವೆ ಹುಲಾ ಸೀಲ್ ಅನ್ನುವ ಸ್ಪ್ರಿಂಗಿನಂಥ ಪಟ್ಟಿ. ಸೆಕೆಂಡಿಗೆ ನೂರಿಪ್ಪತ್ತು ಸಲ ಇವು ಒಂದರ ಮೇಲೊಂದು ಉಜ್ಜಿದರೆ ಸೀಲ್ ಸವೆಯುತ್ತದೆ, ಟ್ರಾನ್ಸಿಷನ್ ಪೀಸಿನಲ್ಲಿ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ತುಂಡು ಕಳಚಿದರೆ ಅದಕ್ಕೆ ಹೋಗಲು ಇರುವುದು ಒಂದೇ ದಾರಿ, ಟರ್ಬೈನಿನ ಮೊದಲ ಸಾಲಿನ ಬ್ಲೇಡುಗಳ ಕಡೆಗೆ. ಅಲ್ಲಿಂದ ಮುಂದಿನ ಖರ್ಚು ಹೇಳುವುದು ಬೇಡ.

ಜೀಕುವ ಹೊತ್ತು

ಬೆಂಕಿ ಯಾಕೆ ಕೂಗುತ್ತದೆ ಅನ್ನುವ ಮೂಲ ಲೆಕ್ಕವನ್ನು ಲಾರ್ಡ್ ರೇಲಿ 1878ರಲ್ಲೇ ಹೇಳಿ ಮುಗಿಸಿದ್ದಾನೆ. ಸದ್ದಿನ ಅಲೆಯಲ್ಲಿ ಗಾಳಿ ಒತ್ತಿಕೊಂಡ ಹೊತ್ತಿಗೆ ಸರಿಯಾಗಿ ಶಾಖ ಬಿದ್ದರೆ ಸದ್ದು ಬೆಳೆಯುತ್ತದೆ, ಗಾಳಿ ಸಡಿಲಾದ ಹೊತ್ತಿಗೆ ಬಿದ್ದರೆ ಕುಗ್ಗುತ್ತದೆ. ನಮ್ಮ ಧಾರವಾಡದ ಕಡೆ ನಾಗರ ಪಂಚಮಿಗೆ ಮರಕ್ಕೆ ಹಗ್ಗ ಕಟ್ಟಿ ಜೋಕಾಲಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಜೋರಾಗಿ ಜೀಕಿದಿರಿ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಜೀಕಿದಿರಿ ಅನ್ನುವುದು ದೊಡ್ಡದು, ಹೊತ್ತು ಸರಿ ಇದ್ದರೆ ಸಣ್ಣ ಹುಡುಗಿಯೂ ಕೊಂಬೆ ಮುಟ್ಟಿ ಬರುತ್ತಾಳೆ. ಕಂಬಸ್ಟರಿನಲ್ಲಿ ಜೀಕಲು ಬೇಕಾದ ಶಕ್ತಿಗೆ ಬರವೇ ಇಲ್ಲ. ಉರಿಯುವ ಒಟ್ಟು ಶಾಖದಲ್ಲಿ ಸಾವಿರಕ್ಕೆ ಒಂದು ಪಾಲು ಕೂಡ ಸದ್ದಿಗೆ ಹೋಗಬೇಕಾಗಿಲ್ಲ, ಅದಕ್ಕಿಂತ ಕಡಿಮೆಯೇ ಯಂತ್ರ ಹಾಳು ಮಾಡಲು ಸಾಕು.

ಹಾಗಾದರೆ ಹೊತ್ತು ಹೇಗೆ ಕೂಡಿ ಬರುತ್ತದೆ? ಹೊಸ ಯಂತ್ರಗಳಲ್ಲಿ ಗ್ಯಾಸನ್ನೂ ಗಾಳಿಯನ್ನೂ ಮೊದಲೇ ಬೆರೆಸಿ ಆಮೇಲೆ ಉರಿಸುತ್ತಾರೆ. ಗ್ಯಾಸ್ ಬೀಳುವ ಜಾಗದಿಂದ ಜ್ವಾಲೆಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, 25 ಸೆಂಟಿಮೀಟರ್ ದೂರ ಇದೆ ಅಂದುಕೊಳ್ಳಿ. ಗಾಳಿ ಸೆಕೆಂಡಿಗೆ 50 ಮೀಟರ್ ಓಡುತ್ತಿದ್ದರೆ ಬೆರೆತ ಗ್ಯಾಸು ಜ್ವಾಲೆ ಮುಟ್ಟಲು 5 ಮಿಲಿಸೆಕೆಂಡ್ ಬೇಕು. 120 ಹರ್ಟ್ಸ್ ಸದ್ದಿನ ಒಂದು ಸುತ್ತಿಗೆ 8 ಮಿಲಿಸೆಕೆಂಡ್ ಚಿಲ್ಲರೆ. ಒಳಗೆ ಒತ್ತಡ ಸ್ವಲ್ಪ ಏರಿತು ಅಂದರೆ ಬರ್ನರಿನಲ್ಲಿ ಬರುವ ಗಾಳಿ ತುಸು ತಡೆಯುತ್ತದೆ, ಗ್ಯಾಸು ಮಾತ್ರ ಹಾಗೇ ಬರುತ್ತಿರುತ್ತದೆ. ಆ ಕ್ಷಣದ ಮಿಶ್ರಣದಲ್ಲಿ ಗ್ಯಾಸು ಜಾಸ್ತಿ. ಅದು ಕೆಲವು ಮಿಲಿಸೆಕೆಂಡ್ ಕಳೆದು ಜ್ವಾಲೆಗೆ ಬಂದು ಧಗ್ ಅಂತ ಉರಿಯುವ ಹೊತ್ತೂ, ಒತ್ತಡ ಮತ್ತೆ ಏರುವ ಹೊತ್ತೂ ಒಂದೇ ಆಯಿತೋ, ಜೋಕಾಲಿ ಏರಿತು. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನ ಲ್ಯೂವೆನ್ ಮತ್ತು ಝಿನ್ 1998ರ ಸುಮಾರಿಗೆ ಈ ದಾರಿಯನ್ನು ಬಿಡಿಸಿ ತೋರಿಸಿದರು. ಜನವರಿಯ ಆ ರಾತ್ರಿ ಲೋಡಿನ ಸಣ್ಣ ಬದಲಾವಣೆಗೆ ಯಂತ್ರ ಅಷ್ಟೊಂದು ಮುನಿಸಿಕೊಂಡದ್ದು ಇದಕ್ಕೇ. ಮಿಲಿಸೆಕೆಂಡಿನ ಒಂದು ಭಾಗ ಆಚೀಚೆ ಆದರೂ ಜೀಕುವ ಹೊತ್ತು ಬದಲಾಗುತ್ತದೆ.

(ಇದನ್ನು ಸಣ್ಣದಾಗಿ ನೋಡಬೇಕೆನ್ನುವವರು ರೈಕೆ ಕೊಳವೆ ಅಂತ ಹುಡುಕಿ. 1859ರಲ್ಲಿ ಡಚ್ಚರವನೊಬ್ಬ ಕಂಡುಕೊಂಡದ್ದು. ಎರಡೂ ಬದಿ ತೆರೆದ ಲೋಹದ ಕೊಳವೆ, ಕೆಳಗಿನಿಂದ ಕಾಲು ಭಾಗದ ಎತ್ತರದಲ್ಲಿ ತಂತಿ ಬಲೆ. ಬಲೆ ಕೆಂಪಗೆ ಕಾದ ಮೇಲೆ ಬೆಂಕಿ ತೆಗೆದರೆ ಕೊಳವೆ ನೆಟ್ಟಗೆ ನಿಂತಿರುವಾಗ ಕೂಗುತ್ತದೆ. ಅಡ್ಡ ಮಲಗಿಸಿದರೆ ಬಾಯಿ ಮುಚ್ಚುತ್ತದೆ, ಯಾಕೆಂದರೆ ಬಿಸಿಗಾಳಿ ಮೇಲೆ ಹರಿಯುವುದು ನಿಲ್ಲುತ್ತದೆ. ಬಲೆಯನ್ನು ಮೇಲಿನ ಅರ್ಧದಲ್ಲಿಟ್ಟರೆ ಎಷ್ಟು ಕಾಯಿಸಿದರೂ ಸದ್ದಿಲ್ಲ.)

ಟ್ಯೂನಿಂಗ್‌ಗೆ ಬರುವ ಎಂಜಿನಿಯರ್ ಮಾಡುವುದೂ ಈ ಹೊತ್ತಿನ ಜೊತೆಗಿನ ಆಟವನ್ನೇ. ಲ್ಯಾಪ್‌ಟಾಪ್ ಹಿಡಿದು ಕೂತು ಒಂದು ಬರ್ನರಿನಿಂದ ಇನ್ನೊಂದಕ್ಕೆ, ಮೇನ್ ಬೆಂಕಿಯಿಂದ ಅದನ್ನು ಆರದಂತೆ ಹಿಡಿಯುವ ಪುಟ್ಟ ಪೈಲಟ್ ಬೆಂಕಿಗೆ ಒಂದೊಂದು ಪರ್ಸೆಂಟ್ ಗ್ಯಾಸ್ ಸರಿಸುತ್ತಾನೆ. ಪೈಲಟ್‌ಗೆ ಜಾಸ್ತಿ ಕೊಟ್ಟರೆ ಸದ್ದು ಇಳಿಯುತ್ತದೆ, ನಾಕ್ಸ್ ಏರುತ್ತದೆ. ಕಡಿಮೆ ಕೊಟ್ಟರೆ ನಾಕ್ಸ್ ಇಳಿಯುತ್ತದೆ, ಸದ್ದು ಏರುತ್ತದೆ, ಇನ್ನೂ ಕಡಿಮೆ ಮಾಡಿದರೆ ಬೆಂಕಿಯೇ ಆರುತ್ತದೆ. ನಮ್ಮಲ್ಲಿ ಬೇಸಿಗೆಗೊಂದು ಸಲ, ಚಳಿಗೊಂದು ಸಲ ಈ ಪೂಜೆ ಆಗಲೇಬೇಕಿತ್ತು. ಹೊರಗಿನ ಗಾಳಿ ತಣ್ಣಗಾದರೂ ಸಾಕು, ಹಿಂದಿನ ಟ್ಯೂನಿಂಗ್ ಕೆಲಸಕ್ಕೆ ಬಾರದು. ಇದು ಕಾಯಿಲೆಗೆ ಮದ್ದಲ್ಲ, ಪಥ್ಯ ಅಷ್ಟೇ ಅಂತ ನನಗೆ ಆಗಲೂ ಅನ್ನಿಸುತ್ತಿತ್ತು.

ಶೆಡ್ಡಿನಲ್ಲಿ ಎರಡು ಲೈನರ್

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಔಟೇಜ್ ಸಮಯದಲ್ಲಿ, ಅಂದರೆ ಯಂತ್ರ ನಿಲ್ಲಿಸಿ ಬಿಚ್ಚಿ ನೋಡುವಾಗ. ಹಳೆಯ ಯಂತ್ರ ಒಂದು, ಹೊಸ ಯಂತ್ರ ಒಂದು, ಎರಡನ್ನೂ ಒಟ್ಟಿಗೆ ಬಿಚ್ಚಿದ್ದರು. ಶೆಡ್ಡಿನ ನೆಲದ ಮೇಲೆ ಮರದ ಹಲಗೆ ಹಾಕಿ ಲೈನರ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರು. ನಾನೂ ಇನ್‌ಚಾರ್ಜೂ ಬೋರೋಸ್ಕೋಪ್ (ಯಂತ್ರದೊಳಗೆ ತೂರಿಸಿ ನೋಡುವ ಸಣ್ಣ ಕ್ಯಾಮೆರಾ) ರಿಪೋರ್ಟಿಗೆ ಸಹಿ ಹಾಕಲು ಹೋಗಿದ್ದೆವು. ಎರಡೂ ಲೈನರ್‌ಗಳ ನಡುವೆ ನಿಂತು ಅವರು ಹಳೆಯದರ ಒಳಗೆ ಟಾರ್ಚ್ ಬಿಟ್ಟರು. ಬೆಳಕು ಆಚೆ ನೂರಾರು ಕಡೆಯಿಂದ ತೂರಿ ಗೋಡೆಯ ಮೇಲೆಲ್ಲ ಚುಕ್ಕೆ ಚುಕ್ಕೆ. ಹಳೆಯ ಲೈನರ್ ಅಂದರೆ ಮೈಯೆಲ್ಲ ತೂತು. ತಗಡು ತಣ್ಣಗಿರಲಿ ಅಂತ ಸಾಲು ಸಾಲು ಸಣ್ಣ ತೂತು, ಉರಿದ ಹೊಗೆಗೆ ತಣ್ಣನೆ ಗಾಳಿ ಬೆರೆಸಲು ಹಿಂದೆ ದೊಡ್ಡ ದೊಡ್ಡ ತೂತು. ಆಮೇಲೆ ಹೊಸದರೊಳಗೆ ಟಾರ್ಚ್ ಬಿಟ್ಟರು. ಬೆಳಕು ಹೊರಗೆ ಬರಲೇ ಇಲ್ಲ ಅನ್ನಬೇಕು. ಒಳಗೆಲ್ಲ ಸೆರಾಮಿಕ್ ಲೇಪದ ಬಿಳಿ ಗೋಡೆ, ಅಲ್ಲೊಂದು ಇಲ್ಲೊಂದು ತೂತು. "ಇದರ ತೂತ್ ಎಲ್ಲಾ ಎಲ್ಲಿಗ್ ಹೋಯ್ತ್ ಮಾರಾಯ?" ಅಂದರು.

ಅವರು ತಮಾಷೆಗೆ ಕೇಳಿದ್ದು. ತೂತುಗಳು ಎಲ್ಲಿ ಹೋದವು ಅನ್ನುವುದು ನನಗೆ ಗೊತ್ತಿತ್ತು, ಅದರಿಂದ ಏನಾಯಿತು ಅನ್ನುವುದು ಹೊಳೆದದ್ದು ಆಮೇಲೆ. ಹಳೆಯ ವಿಧಾನದಲ್ಲಿ ಗ್ಯಾಸು ನೇರ ಬೆಂಕಿಗೇ ಬೀಳುತ್ತದೆ, ಗಾಳಿ ಅಲ್ಲೇ ಬಂದು ಸೇರುತ್ತದೆ. ಎಲ್ಲಿ ಎರಡೂ ಸರಿ ಪ್ರಮಾಣದಲ್ಲಿ ಸಿಗುತ್ತವೋ ಅಲ್ಲಿ ಉರಿ. ಅಲ್ಲಿನ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಷ್ಟು ಬಿಸಿಯಲ್ಲಿ ಗಾಳಿಯ ನೈಟ್ರೋಜನ್ನೇ ಸುಟ್ಟು ನಾಕ್ಸ್ ಆಗುತ್ತದೆ. ರಷ್ಯಾದ ಝೆಲ್ಡೊವಿಚ್ 1940ರ ದಶಕದಲ್ಲಿ ವಿವರಿಸಿದ ರಾಸಾಯನಿಕ ಕ್ರಿಯೆ ಇದು, 1500-1600 ಡಿಗ್ರಿ ದಾಟಿದ ಮೇಲೆ ಒಂದೊಂದು ಮೆಟ್ಟಿಲಿಗೂ ಗುಣಿಸುತ್ತಾ ಹೋಗುತ್ತದೆ. ಹಾಗಾಗಿ 1980-90ರ ದಶಕದಲ್ಲಿ ಅಮೆರಿಕ, ಯುರೋಪಿನಲ್ಲಿ ಕಾನೂನು ಬಿಗಿಯಾದಾಗ ಕಂಪನಿಗಳು ಹಿಡಿದ ದಾರಿ ಒಂದೇ: ಗಾಳಿ ಜಾಸ್ತಿ, ಗ್ಯಾಸು ಕಡಿಮೆ, ಮೊದಲೇ ಬೆರೆಸು, ಎಲ್ಲೂ 1500-1600 ಮೀರದ ಹಾಗೆ ಉರಿಸು. ನೂರಕ್ಕೂ ಮೀರಿದ್ದ ನಾಕ್ಸ್ 25 ಪಿಪಿಎಂಗೆ ಬಂತು, ಆಮೇಲೆ 9ಕ್ಕೂ ಬಂತು. ಇದು ಸಣ್ಣ ಸಾಧನೆ ಅಲ್ಲ. ಆದರೆ ಬೆರೆಸಲು ಅಷ್ಟೊಂದು ಗಾಳಿ ಎಲ್ಲಿಂದ ತರುವುದು? ಲೈನರಿನ ತೂತುಗಳಲ್ಲಿ ಸುಮ್ನೆ ಒಳಗೆ ಬರುತ್ತಿದ್ದ ಗಾಳಿಯನ್ನೇ ಕಿತ್ತು ಬರ್ನರಿಗೆ ಕೊಟ್ಟರು. ತೂತು ಮುಚ್ಚಿದರು. ತಗಡನ್ನು ಹೊರಗಿನಿಂದ ಗಾಳಿ ಬೀಸಿ ತಣಿಸಿದರು.

ಆ ತೂತುಗಳು ತಣಿಸುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದವು. ಯಾರೂ ಅದಕ್ಕೆಂದು ಅವನ್ನು ಕೊರೆದಿರಲಿಲ್ಲ, ಹಾಗಾಗಿ ಮುಚ್ಚುವಾಗ ಅದು ಯಾವ ಲೆಕ್ಕದಲ್ಲೂ ಬರಲಿಲ್ಲ. ತೂತಿನಲ್ಲಿ ಗಾಳಿ ಒಳಗೆ ನುಗ್ಗುತ್ತಿದೆ. ಒಳಗಿನ ಸದ್ದಿನ ಅಲೆ ಬಂದು ಆ ಧಾರೆಯನ್ನು ಹಿಂದಕ್ಕೆ ತಳ್ಳುತ್ತದೆ, ಮರುಕ್ಷಣ ಮುಂದಕ್ಕೆ ಎಳೆಯುತ್ತದೆ. ಧಾರೆ ಹೀಗೆ ತೊನೆದಾಗ ತೂತಿನ ಅಂಚಿನಿಂದ ಉಂಗುರದಂಥ ಸುಳಿಗಳು ಕಳಚಿಕೊಂಡು ಹೋಗುತ್ತವೆ. ಸುಳಿ ತಿರುಗಲು ಬೇಕಾದ ಶಕ್ತಿ ಬರುವುದು ಸದ್ದಿನಿಂದ. ಸುಳಿ ಮುಂದೆ ಹೋಗಿ ಕದಡಿ ಶಾಖವಾಗಿ ಕರಗುತ್ತದೆ, ತಿರುಗಿ ಸದ್ದಾಗಿ ಬರುವುದಿಲ್ಲ. ಇಂಗ್ಲೆಂಡಿನ ಹೋವ್ 1979ರಲ್ಲಿ ಇದಕ್ಕೆ ಗಣಿತ ಕೊಟ್ಟ. 2003ರಲ್ಲಿ ಕೇಂಬ್ರಿಜ್‌ನ ಎಲ್ಡ್ರೆಜ್ ಮತ್ತು ಆನ್ ಡೌಲಿಂಗ್ ಪೂರ್ತಿ ತೂತಿನ ಲೈನರಿಗೇ ಅಳೆದು ಲೆಕ್ಕ ಹಾಕಿದರು. ಅದರಲ್ಲಿ ನನಗೆ ಇಷ್ಟವಾದ ಸಂಗತಿ, ಗಾಳಿಯ ವೇಗಕ್ಕೆ ಒಂದು ಹದ ಇದೆ ಅನ್ನುವುದು. ತೀರಾ ಕಡಿಮೆ ಆದರೂ ತೂತು ಸದ್ದನ್ನು ನುಂಗುವುದಿಲ್ಲ, ತೀರಾ ಜಾಸ್ತಿ ಆದರೂ ನುಂಗುವುದಿಲ್ಲ.

ಹಳೆಯ ಯಂತ್ರಗಳು ಕೂಗದಿರಲು ಇದೊಂದೇ ಕಾರಣ ಅಂತ ಹೇಳಿದರೆ ಅನ್ಯಾಯ. ಹಳೆಯ ಜ್ವಾಲೆ ಉದ್ದಕ್ಕೆ ಹರಡಿಕೊಂಡಿರುತ್ತದೆ, ಎಲ್ಲ ಕಡೆಯೂ ಒಂದೇ ಹೊತ್ತಿಗೆ ಜೀಕುವುದಿಲ್ಲ. ಹೊಸ ಜ್ವಾಲೆ ಗಿಡ್ಡ, ಒಂದೇ ಕಡೆ ಗುಂಪಾಗಿರುತ್ತದೆ, ಮೇಲಾಗಿ ಆರಿಹೋಗುವ ಅಂಚಿನಲ್ಲೇ ಬದುಕುವುದರಿಂದ ಗ್ಯಾಸು ಒಂಚೂರು ಆಚೀಚೆ ಆದರೂ ಉರಿ ಬಹಳ ಆಚೀಚೆ ಆಗುತ್ತದೆ. ಅಂದರೆ ಜೀಕುವವನು ಗಟ್ಟಿಯಾದ, ಅದೇ ಹೊತ್ತಿಗೆ ತಡೆಯುವವನನ್ನು ಮನೆಗೆ ಕಳಿಸಿದೆವು. ನಾಕ್ಸ್ ಇಳಿಸಿದವರನ್ನು ನಾನು ದೂರುತ್ತಿಲ್ಲ, ಆ ಹೊಗೆಯನ್ನು ಉಸಿರಾಡುವ ಊರು ಪ್ಲಾಂಟಿನ ಗೋಡೆಯಾಚೆಯೇ ಇತ್ತು. ಡ್ರಾಯಿಂಗ್‌ನಲ್ಲಿ ಕೂಲಿಂಗ್ ಅಂತ ಬರೆದ ತೂತು ಕೂಲಿಂಗ್ ಮಾತ್ರ ಮಾಡುತ್ತದೆ ಅಂತ ನಂಬಿದ್ದು ನನಗೆ ಸೋಜಿಗ, ಅಷ್ಟೇ.

ಮತ್ತೆ ತೂತು ಕೊರೆದರು

ಸೋಜಿಗ ಯಾಕೆಂದರೆ ಯುದ್ಧವಿಮಾನದ ಎಂಜಿನಿನವರಿಗೆ ಈ ವಿದ್ಯೆ ಎಷ್ಟೋ ಮೊದಲೇ ಗೊತ್ತಿತ್ತು. 1950ರ ದಶಕದಲ್ಲಿ ಆಫ್ಟರ್‌ಬರ್ನರ್ (ಎಂಜಿನಿನ ಬಾಲದಲ್ಲಿ ಮತ್ತೊಮ್ಮೆ ಇಂಧನ ಉರಿಸುವ ಭಾಗ) ಹಚ್ಚಿದಾಗ ಸಾವಿರಾರು ಹರ್ಟ್ಸ್‌ನಲ್ಲಿ ಕಿರುಚಿ ತಗಡು ಹರಿದುಹೋಗುತ್ತಿತ್ತು. ತೂತು ತೂತಿನ ಲೈನರ್ ಹಾಕಿ ಅದನ್ನು ಹಿಡಿದರು, ಅದಕ್ಕೆ ಸ್ಕ್ರೀಚ್ ಲೈನರ್ ಅಂತಲೇ ಹೆಸರು. ಯಲಹಂಕದ ಏರ್ ಶೋದಲ್ಲಿ ತೇಜಸ್ ಬಾಲದಲ್ಲಿ ಬೆಂಕಿ ಉಗುಳುತ್ತಾ ಏರುವುದನ್ನು ನೋಡಿ ನೀವು ಕಿವಿ ಮುಚ್ಚಿಕೊಂಡಿರಬಹುದು. ಆ ಬೆಂಕಿಯ ಸುತ್ತ ಇರುವ ತಗಡಿನಲ್ಲೂ ಇಂಥ ತೂತುಗಳಿವೆ.

ರಾಕೆಟ್ಟಿನವರ ಕಥೆ ಇನ್ನೂ ಜೋರು. ಚಂದ್ರನಿಗೆ ಹೋದ ಸ್ಯಾಟರ್ನ್ ರಾಕೆಟ್ಟಿನ ಎಫ್-1 ಎಂಜಿನ್ 1962ರ ಜೂನ್ 28ರಂದು ಟೆಸ್ಟ್ ಸ್ಟ್ಯಾಂಡಿನಲ್ಲೇ ಕರಗಿಹೋಯಿತು, ಕಾರಣ ಇದೇ. ಆಮೇಲೆ ಉರಿಯುವ ಎಂಜಿನಿನೊಳಗೆ ಬೇಕಂತಲೇ ಸಣ್ಣ ಬಾಂಬ್ ಸಿಡಿಸಿ ಸದ್ದು ಎಷ್ಟು ಬೇಗ ಸಾಯುತ್ತದೆ ಅಂತ ನೋಡುತ್ತಾ ಇಂಧನ ಚಿಮ್ಮಿಸುವ ಇಂಜೆಕ್ಟರ್ ತಿದ್ದಿದರು. ನಮಗೆ ಹತ್ತಿರದ ಕಥೆ ಇನ್ನೊಂದಿದೆ. ಎತ್ತಿನ ಗಾಡಿಯ ಮೇಲೆ ಕೂತ ಆಪಲ್ ಉಪಗ್ರಹದ ಫೋಟೋ ನೋಡದ ಕನ್ನಡಿಗರಿಲ್ಲ. ಇಸ್ರೋದ ಆ ಉಪಗ್ರಹ 1981ರ ಜೂನ್‌ನಲ್ಲಿ ಯುರೋಪಿನ ಏರಿಯಾನ್ ರಾಕೆಟ್ಟಿನ ಮೂರನೇ ಹಾರಾಟದಲ್ಲಿ ಹೋಯಿತು. ಅದರ ಹಿಂದಿನ ಹಾರಾಟ, 1980ರ ಮೇ ತಿಂಗಳದ್ದು, ವೈಕಿಂಗ್ ಎಂಜಿನ್ ಒಂದರಲ್ಲಿ ಉರಿ ಕೂಗಲು ಶುರುವಾಗಿ ಹಾಳಾಗಿತ್ತು. ಅದನ್ನು ಸರಿ ಮಾಡಿದ ಮೇಲೆಯೇ ನಮ್ಮ ಆಪಲ್ ಹತ್ತಿ ಕೂತದ್ದು. ಗಾಡಿಯ ಫೋಟೋ ಎಲ್ಲರೂ ಹಂಚಿಕೊಳ್ಳುತ್ತಾರೆ, ಈ ಸಂಗತಿಯನ್ನು ಯಾರೂ ಹೇಳುವುದು ನಾನು ಕೇಳಿಲ್ಲ.

ಗ್ಯಾಸ್ ಟರ್ಬೈನಿಗೆ ವಾಪಸ್ ಬರೋಣ. ಸದ್ದನ್ನು ನುಂಗಲು ಈಗ ಬಳಸುವ ಸಾಮಾನು ನೋಡಿದರೆ ನಗು ಬರುತ್ತದೆ, ಅಷ್ಟು ಸರಳ. ಒಂದು, ತುದಿ ಮುಚ್ಚಿದ ಕೊಳವೆ, ಅಲೆಯ ಉದ್ದದ ಕಾಲು ಭಾಗದಷ್ಟು. ಎಲ್‌ಎಂ6000ದಂಥ ವಿಮಾನದ ಎಂಜಿನಿನಿಂದ ಬಂದ ಟರ್ಬೈನಿನ ಡ್ರೈ ಮಾದರಿಯ ಕಂಬಸ್ಟರ್ ಸುತ್ತ ಇಂಥ ಕೊಳವೆಗಳು ಕೊಂಬಿನ ಹಾಗೆ ಎದ್ದಿರುವುದನ್ನು ನೋಡಬಹುದು. 500 ಹರ್ಟ್ಸ್‌ಗಾದರೆ ಕೊಳವೆ ಒಂದು ಅಡಿಯ ಒಳಗೆ ಮುಗಿಯುತ್ತದೆ. ನಮ್ಮ 120 ಹರ್ಟ್ಸ್‌ಗೆ ಒಂದು ಮೀಟರಿಗಿಂತ ಉದ್ದ ಬೇಕು, ಅದನ್ನು ಇಡಲು ಜಾಗವೇ ಇಲ್ಲ. ಅಲ್ಲಿ ಬೇಕಾಗುವುದು ಹೆಲ್ಮ್‌ಹೋಲ್ಟ್ಸ್ ಡ್ಯಾಂಪರ್. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬರುವ ಸ್ವರ ಗೊತ್ತಲ್ಲ, ಅದೇ ಭೌತಶಾಸ್ತ್ರ. ಹೊಟ್ಟೆಯೊಳಗಿನ ಗಾಳಿ ಸ್ಪ್ರಿಂಗು, ಕುತ್ತಿಗೆಯೊಳಗಿನ ಗಾಳಿ ಭಾರ. ಕುತ್ತಿಗೆ 3 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದ, ಒಳಗೆ ಕಂಪ್ರೆಸರಿನಿಂದ ಬಂದ 400 ಡಿಗ್ರಿ ಚಿಲ್ಲರೆ ಬಿಸಿಯ ಗಾಳಿ ಇದ್ದರೆ 120 ಹರ್ಟ್ಸ್‌ಗೆ ಹೊಟ್ಟೆ ಸುಮಾರು ಮೂರೂವರೆ ಲೀಟರ್ ಇರಬೇಕು ಅಂತ ಲೆಕ್ಕ ಸಿಗುತ್ತದೆ. ಸ್ವರ ಎದ್ದಾಗ ಕುತ್ತಿಗೆಯ ಗಾಳಿ ಹುಚ್ಚೆದ್ದು ಹೋಗಿ ಬರುತ್ತದೆ, ಬಾಯಿಯ ಅಂಚಿನಲ್ಲಿ ಸುಳಿ ಬಿಡುತ್ತದೆ, ಸದ್ದು ಅಲ್ಲಿ ಖರ್ಚಾಗುತ್ತದೆ.

ಸರಳ ಅಂದೆನಲ್ಲ, ಹಾಕಲು ಹೋದಾಗ ಒಂದೊಂದೇ ತಕರಾರು ಶುರುವಾಗುತ್ತದೆ. ಕಂಬಸ್ಟರಿನ ಬಿಸಿ ಹೊಗೆ ಕುತ್ತಿಗೆಯೊಳಗೆ ನುಗ್ಗಿದರೆ ಸದ್ದಿನ ವೇಗ ಬದಲಾಗಿ ಡ್ಯಾಂಪರ್ ತಪ್ಪು ಸ್ವರಕ್ಕೆ ಟ್ಯೂನ್ ಆಗುತ್ತದೆ, 120ಕ್ಕೆ ಮಾಡಿದ್ದು 180ರ ಆಸುಪಾಸಿಗೆ ಹೋಗಿ ಕೂರುತ್ತದೆ, ಆಮೇಲೆ ಕರಗುತ್ತದೆ. ಅದಕ್ಕೇ ಒಳಗಿನಿಂದ ಸದಾ ಸ್ವಲ್ಪ ಗಾಳಿ ಬಿಡುತ್ತಿರಬೇಕು. ಜಾಗದ ತಕರಾರು ಇನ್ನೂ ಮಜಾ. ಉಂಗುರದ ಆಕಾರದ ಕಂಬಸ್ಟರುಗಳಲ್ಲಿ ಸದ್ದಿನ ಅಲೆ ಸುತ್ತಲೂ ಹಬ್ಬಿರುತ್ತದೆ. ಅಲ್ಲಿ ಒಂದೇ ಒಂದು ಡ್ಯಾಂಪರ್ ಹಾಕಿದಿರಿ ಅನ್ನಿ. ಅಲೆ ತಾನೇ ತಿರುಗಿಕೊಂಡು, ತನ್ನ ಒತ್ತಡವೇ ಇಲ್ಲದ ಜಾಗ ಡ್ಯಾಂಪರಿನ ಬಾಯಿಗೆ ಬರುವ ಹಾಗೆ ನಿಂತುಬಿಡುತ್ತದೆ! ಡ್ಯಾಂಪರ್ ಇದ್ದೂ ಇಲ್ಲದ ಹಾಗೆ. ತಪ್ಪಿಸಿಕೊಳ್ಳಲು ದಾರಿ ಇಲ್ಲದಂತೆ ಹಲವು ಡ್ಯಾಂಪರುಗಳನ್ನು ಬೇರೆ ಬೇರೆ ಕಡೆ ಹಂಚಿ ಹಾಕಬೇಕು. ಕೆಲವೊಮ್ಮೆ ಒಂದು ಸ್ವರ ಹಿಡಿದರೆ ಅದು ಸೀಳಿ ಅತ್ತ ಒಂದು ಇತ್ತ ಒಂದು, ಎರಡು ಸ್ವರವಾಗಿ ಏಳುತ್ತದೆ. ಜರ್ಮನಿಯ ಸೀಮೆನ್ಸ್ 1990ರ ದಶಕದಲ್ಲಿ ಇನ್ನೊಂದು ದಾರಿ ಹಿಡಿದಿತ್ತು. ಸದ್ದನ್ನು ಕೇಳಿಸಿಕೊಂಡು ಅದರ ವಿರುದ್ಧ ಹೊತ್ತಿಗೆ ಪೈಲಟ್ ಗ್ಯಾಸನ್ನು ವಾಲ್ವಿನಿಂದ ಅದುರಿಸಿ ಜೋಕಾಲಿಯನ್ನು ತಡೆಯುವುದು. ಅದು ದೊಡ್ಡ ಯಂತ್ರಗಳಲ್ಲಿ ಕೆಲಸವನ್ನೂ ಮಾಡಿತು. ಆದರೂ ಸೆಕೆಂಡಿಗೆ ನೂರಾರು ಸಲ ಬಡಿಯುವ ವಾಲ್ವಿಗಿಂತ ಅಲ್ಲಾಡದ ತೂತೇ ವಾಸಿ ಅನ್ನುವವರ ಪೈಕಿ ನಾನು. ತೂತು ಕೆಡುವುದಿಲ್ಲ, ಅದಕ್ಕೆ ಸ್ಪೇರ್ ಪಾರ್ಟ್ ಬೇಡ.

ನಾನೀಗ ಬೆಂಗಳೂರಿನಲ್ಲಿ ಕಂಬಸ್ಟರ್ ಡಿಸೈನಿನವರ ಜೊತೆ ಕೂರುವ ಕೆಲಸದಲ್ಲಿದ್ದೇನೆ. ಸದ್ಯ ಎಲ್ಲರ ಬಾಯಲ್ಲೂ ಹೈಡ್ರೋಜನ್. ನೈಸರ್ಗಿಕ ಅನಿಲಕ್ಕೆ ಹೈಡ್ರೋಜನ್ ಬೆರೆಸಿದರೆ ಜ್ವಾಲೆ ಓಡುವ ವೇಗ ಏರುತ್ತದೆ, ಜ್ವಾಲೆ ಇನ್ನೂ ಗಿಡ್ಡವಾಗಿ ಬರ್ನರಿನ ಬಾಯಿಗೇ ಬಂದು ಅಂಟಿಕೊಳ್ಳುತ್ತದೆ. ಮೇಲೆ ಹೇಳಿದ 5 ಮಿಲಿಸೆಕೆಂಡ್ ಕಡಿಮೆಯಾಗುತ್ತದೆ, ಸ್ವರ ಮೇಲಕ್ಕೆ ಸರಿಯುತ್ತದೆ, ಕೆಲವು ಕಡೆ ಸಾವಿರಾರು ಹರ್ಟ್ಸ್‌ಗೆ. 120ಕ್ಕೆ ಅಂತ ಮಾಡಿದ ಡ್ಯಾಂಪರುಗಳಿಗೆ ಅಲ್ಲಿ ಕೆಲಸವೇ ಇಲ್ಲ. ಒಳ್ಳೆಯ ಸುದ್ದಿ ಏನೆಂದರೆ 2000 ಹರ್ಟ್ಸ್‌ಗೆ ಕಾಲು ಅಲೆಯ ಕೊಳವೆ ಏಳು ಸೆಂಟಿಮೀಟರ್ ಕೂಡ ಇರುವುದಿಲ್ಲ, ಬರ್ನರಿನ ಮುಂದಿನ ಪ್ಲೇಟಿನಲ್ಲೇ ಅಡಗಿಸಬಹುದು. ಕೆಟ್ಟ ಸುದ್ದಿ, ಅಂಥವು ಬಹಳ ಬೇಕು, ಒಂದೊಂದಕ್ಕೂ ತಣಿಸಲು ಗಾಳಿ ಬೇಕು. ಡ್ಯಾಂಪರಿಗೆ ಹೋದ ಗಾಳಿ ಬರ್ನರಿಗೆ ಸಿಗದು, ಬರ್ನರಿಗೆ ಗಾಳಿ ಕಡಿಮೆಯಾದರೆ ಜ್ವಾಲೆ ಬಿಸಿಯೇರಿ ನಾಕ್ಸ್ ಏರುತ್ತದೆ. ಹೈಡ್ರೋಜನ್ ಬಂದ ಮೇಲೆ ನಾಕ್ಸ್ ಮೊದಲೇ ಅಂಚಿನಲ್ಲಿದೆ. ಹೀಗಾಗಿ ಪ್ರತಿ ಮೀಟಿಂಗಿನಲ್ಲೂ ಅರ್ಧ ಪರ್ಸೆಂಟ್ ಗಾಳಿಗಾಗಿ ಜಗಳ. ಕೂಲಿಂಗಿನವರು ಬಿಡುವುದಿಲ್ಲ, ನಾಕ್ಸಿನವರು ಬಿಡುವುದಿಲ್ಲ, ನಮ್ಮ ಕೋರಿಕೆಯನ್ನು ಮಿನಿಟ್ಸ್‌ನಲ್ಲಿ ಬರೆದುಕೊಂಡು ಮುಂದಿನ ವಾರ ನೋಡೋಣ ಅನ್ನುತ್ತಾರೆ.